ಬಟ್ಟೆಯ ಮೇಲೆ ಹೊಲಿದ ಓಟು

ಮೊನ್ನೆ ರವಿಕೆಗೆ ಲೈನಿಂಗ್ ಬಟ್ಟೆ ತರಲು ಸರಸ್ವತಿಪುರಂಗೆ ಹೋದವಳು, ಟ್ಯುಟೋರಿಯಲ್ ಪಕ್ಕದ ಇಸ್ತ್ರಿ ಅಂಗಡಿ ಮುಂದೆ ಸುಮ್ಮನೆ ನಿಂತುಬಿಟ್ಟೆ. ಅಲ್ಲಿ ಈಗ ಇದ್ದಿಲಿನ ಪೆಟ್ಟಿಗೆ ಇಲ್ಲ, ಹಬೆಯ ಇಸ್ತ್ರಿ ಬಂದಿದೆ. ಅಂಗಡಿಯವನು ಹೊಸ ಕಾಟನ್ ಶರಟಿನ ಮೇಲೆ ಅದನ್ನು ಒತ್ತಿದ. ಬಿಸಿ ಹಬೆ, ಗಂಜಿ, ಹೊಸ ಬಟ್ಟೆ ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯಿತು. "ಬಟ್ಟೆ ಕೊಡಕ್ ಬಂದ್ರಾ ಅಮ್ಮ?" ಅಂದ. ಇಲ್ಲಪ್ಪ ಅಂದೆ. ಹಿನಕಲ್ ಕಡೆಯ ಬಸ್ಸು ನನ್ನೆದುರೇ ಬಂದು ನಿಂತು ಹೋಯಿತು, ಹತ್ತಲಿಲ್ಲ. ಆ ವಾಸನೆಯಲ್ಲಿ ನನ್ನದೊಂದು ವರ್ಷ ಇದೆ. ಕೇಳಿದವರಿಗೆಲ್ಲ "ಕಂಪನಿ ಬಿಟ್ಟೆ ಕಣ್ರೀ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾ ಬಂದಿದ್ದೇನೆ. ಅದು ಅಷ್ಟು ಸಲೀಸಾಗಿ ಮುಗಿಯುವ ವರ್ಷ ಅಲ್ಲ.

ನನ್ನ ಹೆಸರು ಶಿವನಂಜಮ್ಮ. ಕಾರ್ಖಾನೆಯಲ್ಲಿ ಎಲ್ಲರಿಗೂ ನಂಜಕ್ಕ. ರಿಂಗ್ ರೋಡಿನ ಆಚೆ, ಪರದೇಶಕ್ಕೆ ಶರಟು ಕಳಿಸುವ ಒಂದು ಗಾರ್ಮೆಂಟ್ಸಿನಲ್ಲಿ ನನಗೆ ಕೆಲಸವಿತ್ತು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಹಾಗೆ ಅಂತ ನೀವು ಅಂದುಕೊಂಡುಬಿಡುತ್ತೀರಿ. ಅಲ್ಲಿ ಇಡೀ ಶರಟನ್ನು ಯಾರೂ ಹೊಲಿಯುವುದಿಲ್ಲ. ನಾನು ಕಾಲರ್, ನನ್ನ ಹಿಂದಿನವಳು ತೋಳು, ಅವಳ ಹಿಂದಿನವಳು ಕಫ್. ಸಾಲಾಗಿ ಕೂತ ಹೆಂಗಸರ ಕೈಯಿಂದ ಕೈಗೆ ದಾಟುತ್ತಾ ಶರಟು ಬೆಳೆಯುತ್ತದೆ. ಆ ಸಾಲಿಗೆ ಲೈನ್ ಅನ್ನುತ್ತಾರೆ, ನಮ್ಮದು ಮೂರನೇ ಲೈನು. ವರ್ಷಗಟ್ಟಲೆ ಕಾಲರ್ ಹೊಲಿದು ಹೊಲಿದು, ನನ್ನ ಕನಸಿನಲ್ಲಿ ಬರುವವರಿಗೆಲ್ಲ ಮುಖಕ್ಕಿಂತ ಮೊದಲು ಕತ್ತೇ ಕಾಣುತ್ತಿತ್ತು.

ನನ್ನ ಹಿಂದಿನ ಮೆಷಿನ್ನಿನಲ್ಲಿ ತೋಳು ಹೊಲಿಯುತ್ತಿದ್ದವಳು ರಾಜಮ್ಮ. ಎಚ್.ಡಿ. ಕೋಟೆ ಕಡೆಯಿಂದ ಬಂದವಳು, ಹಿನಕಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದಳು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ನರ್ಸಿಂಗ್ ಓದುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿ ಒಟ್ಟಿಗೆ ಇಳಿಯುತ್ತಿದ್ದೆವು. ನನ್ನನ್ನು ಆಡಿಕೊಳ್ಳುವುದೆಂದರೆ ಅವಳಿಗೆ ಊಟ ಮಾಡಿದಷ್ಟು ಸುಖ. "ಕತ್ತಲ್ಲಿ ಲಿಂಗ ಕಟ್ಕೊಂಡೋಳು ನೀನು, ಗೋಡೆ ಮೇಲೆ ಬುದ್ಧನ್ನ ಇಟ್ಕೊಂಡೋಳು ನಾನು. ಏನ್ ಬಂತೇ ನಂಜಿ, ಇಬ್ರೂ ಬೆಳಗಾನ ಎದ್ದು ಕೈ ಮುಗಿಯೋದು ಈ ಲೋಕೇಶಂಗೆ" ಅನ್ನುತ್ತಿದ್ದಳು. ಲೋಕೇಶ ನಮ್ಮ ಲೈನಿನ ಇನ್‌ಚಾರ್ಜು.

ಈ ಲೋಕೇಶನ ಮೇಜಿನ ಪಕ್ಕದ ಮೊಳೆಗೆ ದಾರ ಕಟ್ಟಿದ ಒಂದು ಹಸಿರು ಟ್ಯಾಗು ನೇತಾಡುತ್ತಿತ್ತು. ಬಾತ್‌ರೂಮಿಗೆ ಹೋಗಬೇಕಾದವರು ಅದನ್ನು ಕತ್ತಿಗೆ ಹಾಕಿಕೊಂಡು ಹೋಗಿ, ತಂದು ಅಲ್ಲೇ ನೇತುಹಾಕಬೇಕು. ಇಡೀ ಲೈನಿಗೆ ಅದೊಂದೇ. ಒಬ್ಬಳು ಹಾಕಿಕೊಂಡು ಹೋದಳೆಂದರೆ ಉಳಿದವರೆಲ್ಲ ಕಣ್ಣು ಮೊಳೆಯ ಮೇಲಿಟ್ಟು, ಕೈ ಬಟ್ಟೆಯ ಮೇಲಿಟ್ಟು ಕಾಯಬೇಕು. ಕಾಯುವ ಕಷ್ಟವೇ ಬೇಡ ಅಂತ ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಮನೆಯಿಂದ ತುಂಬಿಕೊಂಡು ಹೋದ ಬಾಟಲಿ ಸಂಜೆ ಹಾಗೇ ವಾಪಸ್ಸು ಬರುತ್ತಿತ್ತು.

ಆ ವರ್ಷ ಆಷಾಢದ ಗಾಳಿ ಜೋರಿತ್ತು. ಬಿಟ್ಟೂ ಬಿಡದ ಸೋನೆ, ಒದ್ದೆ ಚಪ್ಪಲಿ, ತಗಡಿನ ಮಾಡಿನ ಕೆಳಗೆ ನೆಲದಿಂದಲೇ ಏರುವ ತಂಡಿ. ರಾಜಮ್ಮನಿಗೆ ಉರಿಮೂತ್ರ ಶುರುವಾಗಿ ಸೊಂಟ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೈದರಂತೆ, ಹೀಗೆ ನೀರು ಕುಡಿಯದೆ, ತಡೆದುಕೊಂಡು ಕೂತರೆ ಕಿಡ್ನಿ ಕೆಡುತ್ತದೆ ಅಂತ. ಮಾತ್ರೆ ಕೊಟ್ಟು, ಚೆನ್ನಾಗಿ ನೀರು ಕುಡಿ ಅಂದರು. ಅವಳು ಹೇಳಿದ್ದನ್ನು ಕೇಳುವ ಹೆಂಗಸು. ಮಾರನೇ ದಿನ ಬಾಟಲಿ ಪೂರ್ತಿ ಕುಡಿದಳು.

ಮಧ್ಯಾಹ್ನದ ಹೊತ್ತಿಗೆ "ನಂಜಿ, ಟ್ಯಾಗ್ ಬಂತಾ ನೋಡೇ" ಅಂದಳು. ಮೊಳೆ ಖಾಲಿ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದಳು. ಯಾರೋ ತಂದು ಹಾಕಿದರು, ಇನ್ನೊಬ್ಬಳು ಓಡಿಹೋಗಿ ಎತ್ತಿಕೊಂಡಳು. ರಾಜಮ್ಮ ಎದ್ದು ಲೋಕೇಶನ ಹತ್ತಿರ ಹೋಗಿ ಏನೋ ಕೇಳಿಕೊಂಡಳು. "ಎಲ್ರಿಗೂ ಒಂದೇ ರೂಲ್ಸು, ಹೋಗಿ ಕೂತ್ಕೊಳಮ್ಮ, ಪೀಸ್ ನಿಂತೈತೆ" ಅಂದ. ಬಂದು ಕೂತಳು. ಆಮೇಲೆ ಅವಳ ಮೆಷಿನ್ನು ನಿಂತಿತು. ತಿರುಗಿ ನೋಡಿದೆ. ಸ್ಟೂಲಿನ ಕೆಳಗೆ ನೆಲ ಒದ್ದೆ. ಅವಳು ತಲೆ ಎತ್ತಲಿಲ್ಲ, ತೋಳಿನ ಪೀಸುಗಳನ್ನು ಮಡಿಲಿಗೆ ಅವುಚಿಕೊಂಡು ಕೂತಿದ್ದಳು. ನಲವತ್ತು ದಾಟಿದ ಹೆಂಗಸು. ಊಟದ ಬೆಲ್ಲು ಹೊಡೆದಾಗ ನಾವು ಅಕ್ಕಪಕ್ಕದವರೆಲ್ಲ ಸುತ್ತ ನಿಂತು ಮರೆ ಮಾಡಿ ಅವಳನ್ನು ಕರೆದುಕೊಂಡು ಹೋದೆವು. ಅವತ್ತು ನಮ್ಮ ಗುಂಪಿನಲ್ಲಿ ಯಾರೂ ಡಬ್ಬಿ ತೆಗೆಯಲಿಲ್ಲ.

ಸಂಜೆ ಬಸ್ಸಿನಲ್ಲಿ ಅವಳು ಮೊದಲ ಸಲ ಬಾಯಿ ಬಿಟ್ಟದ್ದು, "ನಾವ್ ಕೇಳ್ತಿರೋದು ಚಿನ್ನ ಅಲ್ಲ ಕಣೇ, ಇನ್ನೊಂದು ಟ್ಯಾಗು" ಅಂತ.

ಎಚ್ಚಾರ್ ಆಫೀಸಿಗೆ ಹೋಗಿ ಕೇಳಿದೆ. ಎಚ್ಚಾರ್ ಅಂದರೆ ಕಾರ್ಮಿಕರ ವಿಚಾರ ನೋಡಿಕೊಳ್ಳುವ ಪ್ರದೀಪ್ ಸರ್. ಸರಸ್ವತಿಪುರಂನವರು, ಚಿಕ್ಕ ವಯಸ್ಸು, ನಮ್ಮನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ ಒಬ್ಬರೇ ಒಬ್ಬ ಆಫೀಸರು. "ಕಮಿಟಿ ಇದೆಯಲ್ಲಮ್ಮ, ಕಾರ್ಮಿಕರ ಪ್ರತಿನಿಧಿಗಳು ಇದಾರೆ, ಅವರ ಮೂಲಕ ಬರಬೇಕು" ಅಂದರು. ನೋಟಿಸ್ ಬೋರ್ಡು ನೋಡಿದರೆ ನಮ್ಮ ಲೈನಿನ ಪ್ರತಿನಿಧಿ ಲಲಿತ. ಲೋಕೇಶನ ಚಿಕ್ಕಮ್ಮನ ಮಗಳು. ಅವಳನ್ನು ಯಾವಾಗ ಆರಿಸಿದೆವು ಅಂತ ನಮಗೂ ಗೊತ್ತಿಲ್ಲ, ಪಾಪ ಅವಳಿಗೂ ಗೊತ್ತಿರಲಿಲ್ಲ. "ನನ್ ಹೆಸ್ರು ಐತಾ ಅಕ್ಕ?" ಅಂತ ನನ್ನನ್ನೇ ಕೇಳಿದಳು.

ಕಾಲ ಕೂಡಿಬಂತು ಅಂತಲೇ ಅಂದುಕೊಂಡೆವು. ಶ್ರಾವಣ ಹುಟ್ಟುವ ಹೊತ್ತಿಗೆ ಪ್ರದೀಪ್ ಸರ್ ಮೈಕು ಹಿಡಿದು, ಶರಟು ಕೊಳ್ಳುವ ಪರದೇಶದವರು ಹೇಳಿ ಕಳಿಸಿದ್ದಾರೆ, ಇನ್ನು ಮೇಲೆ ಕಮಿಟಿಗೆ ಕಾರ್ಮಿಕರೇ ಓಟು ಹಾಕಿ ಆರಿಸಬೇಕು, ಪ್ರತಿ ಲೈನಿನಿಂದ ಒಬ್ಬರು ಅಂದರು. ಲಲಿತ ನಿಲ್ಲುತ್ತಾಳೆ ಅಂತ ಲೋಕೇಶನೇ ಹೇಳಿದ. ಅವಳ ಎದುರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಹಾಗೆ ಎಲ್ಲರೂ ನೆಲ ನೋಡಿದರು. ರಾಜಮ್ಮ ಕತ್ತರಿಯ ಹಿಡಿಯಿಂದ ನನ್ನ ಬೆನ್ನಿಗೆ ತಿವಿದಳು. "ಇವ್ಳು ನಿಂತ್ಕತಾಳೆ. ಪಿಯುಸಿ ಗಂಟ ಓದವ್ಳೆ, ಬಾಯಿ ನೋಡುದ್ರೆ ಬೆಂಗ್ಳೂರ್ ಗಂಟ ಅದೆ" ಅಂದಳು. ಮನೆಯಲ್ಲಿ ಹೇಳಿದರೆ ಆಟೊ ಓಡಿಸುವ ನನ್ನ ಯಜಮಾನರು ಗಂಭೀರವಾಗಿ, "ಎಲೆಕ್ಷನ್ನಾ? ಬಾಡೂಟ ಇಲ್ಲ ಅಂದ್ರೆ ನಿಂಗ್ಯಾರ್ ಹಾಕ್ತಾರೆ ಓಟು?" ಅಂದರು.

ಓಟು ಹಾಕುವುದು ಹೇಗೆ ಅನ್ನುವಲ್ಲಿ ಎಡವಟ್ಟಾದದ್ದು. ಚೀಟಿಯಲ್ಲಿ ಹೆಸರು ಬರೆದು ಡಬ್ಬಕ್ಕೆ ಹಾಕಿ ಅಂದರು ಪ್ರದೀಪ್ ಸರ್. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಪೆನ್ನು ಹಿಡಿಯುವುದೆಂದರೆ ಬೆವರು. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಕೈಬರಹವೂ ಸಹಿಯೂ ಆಫೀಸಿನಲ್ಲಿದೆ. ಊಟದ ಹೊತ್ತಿನಲ್ಲಿ ರಾಜಮ್ಮ ಹೇಳಿದಳು, "ಪೆನ್ನಲ್ ಬರುದ್ರೆ ಯಾರ್ದು ಅಂತ ಗುರ್ತು ಇಡಿತಾರೆ ಕಣ್ರೇ. ಬಟ್ಟೆ ಮ್ಯಾಲೆ ಒಲ್ದಾಕವ. ಮಿಷಿನ್ನಿಗೆಲ್ಲಿ ಅದೆ ಕೈಬರಹ?" ಎಲ್ಲರೂ ಹೌದು ಹೌದು ಅಂದೆವು. ಆಹಾ ಎಂಥ ತಲೆ ಇವಳದು ಅಂತ ನಾನೇ ಬೆನ್ನು ತಟ್ಟಿದೆ. ಕಟಿಂಗ್ ಟೇಬಲ್ಲಿನಲ್ಲಿ ಉಳಿದ ಬಿಳಿ ತುಂಡು ಬಟ್ಟೆ, ಅಂಗೈ ಅಗಲದ್ದು. ಲಲಿತನಿಗೆ ಹಾಕುವವರು ಒಂದು ನೇರ ಗೆರೆ ಹೊಲಿಯುವುದು, ನನಗೆ ಹಾಕುವವರು ಒಂದರ ಮೇಲೊಂದು ಅಡ್ಡಗೆರೆ, ಗುಣಾಕಾರದ ಗುರುತಿನ ಹಾಗೆ. ಮಡಿಸಿ ರಟ್ಟಿನ ಪೆಟ್ಟಿಗೆಗೆ ಹಾಕುವುದು. ಪ್ರದೀಪ್ ಸರ್‌ಗೆ ಹೇಳಿದರೆ ಅವರಿಗೂ ಖುಷಿಯೋ ಖುಷಿ. ಓದು ಬಾರದವರೂ ಓಟು ಹಾಕುವ ಹಾಗಾಯಿತು, ಎಲ್ಲೂ ಇಲ್ಲ ಹೀಗೆ, ನಮ್ಮಲ್ಲೇ ಮೊದಲು ಅಂದರು.

ಅವತ್ತಿನ ದಿನ ನೆನೆಸಿಕೊಂಡರೆ ಈಗಲೂ ಎದೆ ತುಂಬುತ್ತದೆ, ಆಮೇಲೆ ಅದೇ ಎದೆ ಉರಿಯುತ್ತದೆ. ಒಬ್ಬೊಬ್ಬಳೂ ಎಷ್ಟು ಶ್ರದ್ಧೆಯಿಂದ ಹೊಲಿದಳು ಅಂತೀರಿ. ಎರಡು ಗೆರೆ ಎಳೆದು ಬಿಸಾಕಿದ್ದರೆ ಸಾಕಿತ್ತು. ದಿನದ ಟಾರ್ಗೆಟ್ಟು ಮುಟ್ಟಿಸುವ ಅವಸರದಲ್ಲೂ ಇವರು ಹಾಗೆ ಬಿಸಾಕಿ ಹೊಲಿದವರಲ್ಲ. ಗೆರೆ ಸೊಟ್ಟಗಾಯಿತು ಅಂತ ಬಿಚ್ಚಿ ಮತ್ತೆ ಹೊಲಿದವರಿದ್ದರು. ಪ್ರದೀಪ್ ಸರ್ ಎಲ್ಲರೆದುರು ಪೆಟ್ಟಿಗೆ ತೆಗೆದು ಒಂದೊಂದೇ ತುಂಡು ಎತ್ತಿ ತೋರಿಸಿದರು. ಅಡ್ಡಗೆರೆ, ಅಡ್ಡಗೆರೆ, ನೇರಗೆರೆ, ಮತ್ತೆ ಅಡ್ಡಗೆರೆ. ಕೊನೆಗೆ ನನ್ನ ಹೆಸರು ಕೂಗಿದಾಗ ಹೆಂಗಸರು ಕತ್ತರಿಗಳನ್ನು ಮೆಷಿನ್ನಿನ ಹಲಗೆಗೆ ಬಡಿದರು. ಇಡೀ ಮಹಡಿ ಗಲಗಲ ಅಂದಿತು. ನಾನು ಅತ್ತುಬಿಟ್ಟೆ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಯಾವುದಕ್ಕೂ ಆರಿಸಿರಲಿಲ್ಲ. ಮದುವೆಗೆ ಕೂಡ ಅಕ್ಕನನ್ನು ನೋಡಲು ಬಂದವರು, ಅವಳು ಒಪ್ಪದಿದ್ದುದಕ್ಕೆ ನನ್ನನ್ನು ಮಾಡಿಕೊಂಡು ಹೋದದ್ದು.

ಮೊದಲನೇ ಮೀಟಿಂಗು ಏಸಿ ರೂಮಿನಲ್ಲಿ. ಮ್ಯಾನೇಜರ್ ಕಡೆಯವರು ಮೇಜಿನ ಆ ಕಡೆ, ಲೈನುಗಳ ಪ್ರತಿನಿಧಿಗಳು ಈ ಕಡೆ. ಬಿಸ್ಕತ್ತು ಇಟ್ಟಿದ್ದರು. ನಾನು ಎದ್ದು ನಿಂತು, ಟ್ಯಾಗು ಒಂದೇ ಇರುವುದರಿಂದ ಹೆಂಗಸರು ನೀರು ಕುಡಿಯುತ್ತಿಲ್ಲ, ಕಾಯಿಲೆ ಬೀಳುತ್ತಿದ್ದಾರೆ, ಇನ್ನೊಂದು ಬೇಕು ಅಂದೆ. ದನಿ ಗಟ್ಟಿಯಾಗಿಯೇ ಬಂತು. ಮ್ಯಾನೇಜರು ನಕ್ಕು, "ಇಷ್ಟೇ ತಾನೆ?" ಅಂದರು. ಆ ವಾರವೇ ಮೊಳೆಯ ಪಕ್ಕ ಇನ್ನೊಂದು ಮೊಳೆ ಬಂತು, ಅದಕ್ಕೊಂದು ಹೊಸ ಟ್ಯಾಗು. ರಾಜಮ್ಮ ಅದನ್ನು ಹಾಕಿಕೊಂಡು ಮದುವಣಗಿತ್ತಿಯ ಹಾಗೆ ಲೈನಿನ ಉದ್ದಕ್ಕೂ ನಡೆದಳು. ನಾವು ಬಿದ್ದು ಬಿದ್ದು ನಕ್ಕೆವು. ಕೇಳಿದರೆ ಕೊಡುತ್ತಾರೆ, ಇಷ್ಟು ದಿನ ಕೇಳುವವರಿರಲಿಲ್ಲ ಅಷ್ಟೇ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಂಬಿದ್ದೆ ಕಣ್ರೀ, ನಿಜವಾಗಿ ನಂಬಿದ್ದೆ.

ಅದಾದ ಕೆಲವು ದಿನಕ್ಕೆ ಮೆಷಿನ್ನಿಗೆ ಸೂಜಿ ತರಲು ಸ್ಟೋರಿಗೆ ಹೋಗುವಾಗ ಆಫೀಸಿನ ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನ ತುಂಬ ನಮ್ಮ ಓಟಿನ ಬಟ್ಟೆಗಳು. ಲೋಕೇಶ ಒಂದನ್ನು ಎತ್ತಿಕೊಂಡು, ತಿರುಗಿಸಿ, ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಕ್ಕದಲ್ಲಿ ಮ್ಯಾನೇಜರು ಕೂತಿದ್ದರು. ಅವನು ಮುಂಭಾಗ ನೋಡಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹೊಲಿಗೆಯ ಜಾತಕ ಇರುವುದು ಹಿಂದುಗಡೆ. ಯಾವ ಮೆಷಿನ್ನಿನ ದಾರ ಬಿಗಿ, ಯಾವುದರದು ಸಡಿಲ, ಯಾರು ಮೂಲೆ ತಿರುಗಿಸುವಾಗ ಸೂಜಿ ಇಳಿಸುತ್ತಾರೆ, ಯಾರು ಕೊನೆಯಲ್ಲಿ ಎಷ್ಟು ಸಲ ಹಿಂದೆ ಮುಂದೆ ಹೊಡೆಯುತ್ತಾರೆ, ಎಲ್ಲ ಅಲ್ಲಿ ಇರುತ್ತದೆ. ತಪ್ಪು ಹೊಲಿದ ಪೀಸು ಸಿಕ್ಕಿದಾಗ ಅದನ್ನೇ ನೋಡಿ, ಹೆಸರು ಕೂಗಿ ಬೈಯುವುದು ಲೋಕೇಶನ ದಿನದ ಕೆಲಸ. ಅದು ನಮಗೆಲ್ಲ ಗೊತ್ತಿತ್ತು. ದಿನಾ ಬೈಸಿಕೊಳ್ಳುತ್ತಿದ್ದವರು ನಾವೇ. ಆದರೂ ಓಟು ಅಂದ ಕೂಡಲೇ ಅದು ಒಬ್ಬಳ ತಲೆಗೂ ಹೊಳೆಯಲಿಲ್ಲ. ಪೆನ್ನಿಗೆ ಹೆದರಿ ಹೆದರಿ, ಪೆನ್ನಿಗಿಂತ ನಿಚ್ಚಳವಾಗಿ ನಮ್ಮ ಹೆಸರನ್ನು ನಾವೇ ಹೊಲಿದುಕೊಟ್ಟಿದ್ದೆವು. ಸೂಜಿ ತೆಗೆದುಕೊಳ್ಳದೆ ವಾಪಸ್ಸು ಬಂದು ಕೂತೆ. ರಾಜಮ್ಮ ಏನಾಯಿತು ಅಂದಳು. ಏನಿಲ್ಲ ಅಂದೆ. ನನ್ನ ಕಣ್ಣಿಗೆ ಕಂಡದ್ದು ಸುಳ್ಳಾಗಲಿ ಅಂತ ನಂಜುಂಡನಿಗೆ ಹರಕೆ ಹೊತ್ತೆ.

ದಸರೆಯ ದೀಪ ಹಾಕಿದ್ದರು. ಸಂಜೆ ಬಸ್ಸು ಊರೊಳಗೆ ನುಗ್ಗಲಾರದೆ ನಿಂತು ನಿಂತು ಹೋಗುತ್ತಿದ್ದ ದಿನಗಳು. ಮೊದಲು ರಾಜಮ್ಮನನ್ನು ಕರೆದರು. ಗುಂಡ್ಲುಪೇಟೆ ದಾರಿಯಲ್ಲಿ ಕಂಪನಿಯ ಇನ್ನೊಂದು ಯೂನಿಟ್ಟಿದೆ, ಅಲ್ಲಿ ಕೈ ಕಡಿಮೆಯಾಗಿದೆ, ಸೋಮವಾರದಿಂದ ಅಲ್ಲಿಗೆ ಅಂದರು. ಅಲ್ಲಿಗೆ ಕಂಪನಿ ಬಸ್ಸು ಇಲ್ಲ. ಹಿನಕಲ್‌ನಿಂದ ಕತ್ತಲಲ್ಲೇ ಹೊರಟರೂ ಹಾಜರಿ ಪಂಚಿನ ಹೊತ್ತಿಗೆ ಮುಟ್ಟುವ ಮಾತಿಲ್ಲ, ತಡವಾದರೆ ಅರ್ಧ ದಿನ ಹೋಯಿತು. ಸೊಂಟ ಹಿಡಿದುಕೊಂಡೇ ಅವಳು ಕೆಲವು ದಿನ ಹೋಗಿ ನೋಡಿದಳು. ಆಮೇಲೆ ಆಗುವುದಿಲ್ಲ ಅಂತ ಬರೆದುಕೊಟ್ಟು ಮನೆಯಲ್ಲಿ ಕೂತಳು. ಅವಳ ಹಿಂದೆ ಕಫ್ ಹೊಲಿಯುವ ಸುನಂದ ಹೋದಳು, ಆಮೇಲೆ ಗುಂಡಿ ಮನೆ ಮಾಡುವ ಜಯಶೀಲ. ಹೀಗೆ ಒಬ್ಬೊಬ್ಬರೇ. ನೇರ ಗೆರೆಯವರು ಒಬ್ಬರೂ ಅಲುಗಲಿಲ್ಲ. ಅಡ್ಡಗೆರೆಯವರಲ್ಲಿ ಉಳಿದವರು ಬೆರಳೆಣಿಕೆ, ಅವರಿಗೂ ಇವತ್ತೋ ನಾಳೆಯೋ ಅನ್ನುವ ಹಾಗೆ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ ನೋಡಿ. ಅವರೇ ಬಿಟ್ಟರು.

ಪ್ರದೀಪ್ ಸರ್ ಹತ್ತಿರ ಹೋಗಿ ಬಾಗಿಲು ಹಾಕಿದೆ. "ನನಗೆ ಓಟು ಹಾಕಿದ್ದಕ್ಕೆ ತಾನೆ ಸಾರ್? ನನ್ನನ್ನೇ ಕಳಿಸಿ ಅಲ್ಲಿಗೆ. ಬೇಕಿದ್ದರೆ ಮನೆಗೇ ಕಳಿಸಿ. ಅವರನ್ನ ವಾಪಸ್ ಕರೀರಿ" ಅಂದೆ. "ನಿಮ್ಮನ್ನ ಮುಟ್ಟೋ ಹಾಗಿಲ್ಲಮ್ಮ. ನೀವು ಎಲೆಕ್ಟೆಡ್. ನಿಮ್ಮ ಹೆಸರು ಫಾರಿನ್‌ಗೆ ಹೋಗಿದೆ, ನೀವಿಲ್ಲ ಅಂದ್ರೆ ಅವರು ಕೇಳ್ತಾರೆ. ಮಿಕ್ಕಿದವರ ಹೆಸರು ಅವರ ಹತ್ರ ಇಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ, "ಆ ಬಟ್ಟೆ ನೋಡಿ ಹಿಂಗೆ ಮಾಡ್ತಾರೆ ಅಂತ ನನಗೂ ಗೊತ್ತಿರಲಿಲ್ಲ" ಅಂದರು. ನಿಜವಿರಬಹುದು. ಅದನ್ನು ಕಟ್ಟಿಕೊಂಡು ನನಗೇನು, ರಾಜಮ್ಮನಿಗೇನು?

ನಾನು ಬಿಟ್ಟುಬಿಡುತ್ತೇನೆ ಅಂತ ನಿರ್ಧಾರ ಮಾಡಿ ರಾಜಮ್ಮನ ಮನೆಗೆ ಹೋದೆ. ಸುನಂದನೂ ಅಲ್ಲೇ ಇದ್ದಳು. "ನೀನ್ ಬುಟ್ರೆ ನಮ್ಮನ್ನೇನ್ ಆರ್ತಿ ಎತ್ತಿ ಕರ್ಕತಾರಾ?" ಅಂದಳು ರಾಜಮ್ಮ. "ನಮ್ ಕೆಲ್ಸ ಓಯ್ತು. ಅದು ಒಂದ್ ಕಾರಣಕ್ಕೆ ಅಂತ ಓಯ್ತು ತಾನೆ, ಆ ರೂಮ್ನಲ್ಲಿ ನಮ್ಮೋಳು ಒಬ್ಳು ಕೂತಿರ್ಲಿ ಅಂತ. ಈಗ ನೀನೂ ಎದ್ ಬಂದ್ಬುಟ್ರೆ ನಾವು ಯಾತಕ್ ಓದೊ ಏಳು." ಸುನಂದ ಅಳುತ್ತಿದ್ದಳು. "ಕೂತ್ಕೊ ಓಗು" ಅಂದಳು ರಾಜಮ್ಮ. "ನಮ್ಮನ್ನ ವಾಪಸ್ ಕರ್ಸು ಅಂತ ಕೇಳು. ಕೇಳ್ತಾನೇ ಇರು."

ಹೋಗಿ ಕೂತೆ. ಉಗುಳುವುದಕ್ಕೂ ಆಗದು ನುಂಗುವುದಕ್ಕೂ ಆಗದು ಅನ್ನುವುದು ಏನು ಅಂತ ಆ ಚಳಿಗಾಲದಲ್ಲಿ ತಿಳಿಯಿತು. ರಾಜಮ್ಮನ ಮೆಷಿನ್ನಿಗೆ ಹೊಸ ಹುಡುಗಿ ಭಾಗ್ಯ ಬಂದಳು. ಚುರುಕಿನ ಹುಡುಗಿ, ತೋಳು ಚೆನ್ನಾಗಿ ಹೊಲಿಯುತ್ತಿದ್ದಳು. ಎರಡನೇ ದಿನಕ್ಕೇ ಬಗ್ಗಿ, "ಅಕ್ಕ, ಬೇಜಾರ್ ಮಾಡ್ಕೋಬೇಡಿ, ನಿಮ್ ಜೊತೆ ಮಾತಾಡ್ಬೇಡ ಅಂದವ್ರೆ" ಅಂದಳು. ಊಟಕ್ಕೆ ಕೂತರೆ ನನ್ನ ಬೆಂಚು ಖಾಲಿ. ಉಳಿದಿದ್ದ ನಮ್ಮ ಕಡೆಯವರೂ ಡಬ್ಬಿ ಎತ್ತಿಕೊಂಡು ದೂರ ಹೋಗುತ್ತಿದ್ದರು. ಅವರ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ನನ್ನ ಮೇಲೇ ಬರುತ್ತಿತ್ತು. ಅವರದ್ದೂ ಹೊಟ್ಟೆ ತಾನೆ. ಎರಡೂ ಟ್ಯಾಗು ಮೊಳೆಯಲ್ಲಿ ನೇತಾಡುತ್ತಿರುತ್ತಿದ್ದವು. ನಾನು ಎದ್ದು ಅದನ್ನು ಹಾಕಿಕೊಂಡರೆ ಇಡೀ ಲೈನು ತಲೆ ತಗ್ಗಿಸುತ್ತಿತ್ತು.

ಪ್ರತಿ ತಿಂಗಳು ಮೀಟಿಂಗು. ಪ್ರತಿ ತಿಂಗಳು ಎದ್ದು ನಿಂತು, ಓಟು ಹಾಕಿದ ತಪ್ಪಿಗೆ ಕಳಿಸಿದವರನ್ನು ವಾಪಸ್ಸು ಕರೆಸಿ ಅನ್ನುತ್ತಿದ್ದೆ. ಮ್ಯಾನೇಜರು "ನೋಟೆಡ್" ಅನ್ನುತ್ತಿದ್ದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಎಷ್ಟು ಹೇಳಿದರೂ ಅಲ್ಲಿ ಯಾವ ಹುಳಿಯೂ ಏರಲಿಲ್ಲ. ಬೇರೆ ಲೈನಿನ ಪ್ರತಿನಿಧಿಗಳು ಬಿಸ್ಕತ್ತು ನೋಡುತ್ತಿದ್ದರು. ಕಾರ್ತೀಕದ ಮೀಟಿಂಗಿಗೆ ಹೋದರೆ ಗೋಡೆಯ ಮೇಲೆ ಒಂದು ದೊಡ್ಡ ಗಾಜಿನ ಫ್ರೇಮು. ಒಳಗೆ ನಮ್ಮ ಓಟಿನ ಬಟ್ಟೆಗಳನ್ನು ಸಾಲಾಗಿ ಅಂಟಿಸಿದ್ದರು. ಮೇಲೆ ಇಂಗ್ಲಿಷಿನಲ್ಲಿ, ನಮ್ಮ ಕಾರ್ಮಿಕರ ದನಿ ಅಂತ ಅರ್ಥ ಬರುವ ಹಾಗೆ ಬರೆಸಿದ್ದರು. ನನ್ನ ಕುರ್ಚಿ ಸರಿಯಾಗಿ ಅದರ ಕೆಳಗೆ. ಊದಿನಕಡ್ಡಿ ಹಚ್ಚಿ ಹಾರ ಹಾಕುವುದು ಒಂದು ಬಾಕಿ.

ಮಾರ್ಗಶಿರದ ಒಂದು ಬೆಳಿಗ್ಗೆ, ಇನ್ನೂ ಮಂಜು ಬಿಟ್ಟಿರಲಿಲ್ಲ, ಶರಟು ಕೊಳ್ಳುವ ಕಡೆಯಿಂದ ಒಬ್ಬ ಹೆಂಗಸು ಬಂದರು. ಗೋಕುಲಂನಲ್ಲಿ ಯೋಗದ ಚಾಪೆ ಹೆಗಲಿಗೆ ಹಾಕಿಕೊಂಡು ಓಡಾಡುವ ಪರದೇಶದವರ ಹಾಗೆಯೇ ಇದ್ದರು, ನರೆತ ಕೂದಲು, ಕಾಟನ್ ಕುರ್ತಾ, ಒಳ್ಳೆಯ ಮುಖ. ನನ್ನನ್ನು ಏಸಿ ರೂಮಿಗೆ ಕರೆಸಿದರು. ಮ್ಯಾನೇಜರು, ಪ್ರದೀಪ್ ಸರ್, ಆ ಹೆಂಗಸು, ನಾನು. ರಾತ್ರಿಯೆಲ್ಲ ನಿದ್ದೆ ಮಾಡದೆ ಮಾತು ಜೋಡಿಸಿಕೊಂಡು ಹೋಗಿದ್ದೆ. ಇದೊಂದೇ ದಾರಿ ಉಳಿದಿತ್ತು. ಇವರಿಗೆ ಮುಟ್ಟಿಸಿದರೆ ಅವರು ವಾಪಸ್ಸು ಬರುತ್ತಾರೆ, ಇಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ.

ಹೆಂಗಸು ಏನೋ ಕೇಳಿದರು. "ಇಲ್ಲಿ ನಿಮಗೆ ಮಾತಾಡೋ ಅವಕಾಶ ಇದೆಯಾ ಅಂತ ಕೇಳ್ತಿದಾರೆ" ಅಂದರು ಪ್ರದೀಪ್ ಸರ್.

"ನಾನು ಹೇಳಿದ್ದನ್ನ ಹೇಳಿದ ಹಾಗೆ ಹೇಳ್ತೀರಾ ಸಾರ್?" ಅಂದೆ. ಅವರು ತಲೆ ಆಡಿಸಿದರು.

ಎದ್ದು ಫ್ರೇಮಿನ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟೆ. "ಇದು ರಾಜಮ್ಮನ ಹೊಲಿಗೆ. ಬಿಚ್ಚಿಹೋಗಬಾರದು ಅಂತ ಕೊನೇಲಿ ಮೂರು ಸಲ ಹಿಂದೆ ಹೊಡೀತಾಳೆ. ಅವಳು ಈಗ ಇಲ್ಲಿಲ್ಲ. ಇದು ಸುನಂದಂದು, ಅವಳೂ ಇಲ್ಲ. ಇದು ಜಯಶೀಲಂದು." ಹೀಗೆ ಒಂದೊಂದೇ ಮುಟ್ಟುತ್ತಾ ಹೆಸರು ಹೇಳಿದೆ. ಒಬ್ಬರನ್ನೂ ಬಿಡಲಿಲ್ಲ, ವರ್ಷಗಟ್ಟಲೆ ಜೊತೆಗೆ ಕೂತವಳಿಗೆ ಮುಂಭಾಗದ ಹೊಲಿಗೆಯೇ ಸಾಕಿತ್ತು. "ಇವರೆಲ್ಲ ನನಗೆ ಓಟು ಹಾಕಿದವರು. ಹೊಲಿಗೆಯ ಗುರುತು ಹಿಡಿದು ಇವರನ್ನ ದೂರದ ಯೂನಿಟ್ಟಿಗೆ ಹಾಕಿ, ಅವರೇ ಬಿಟ್ಟುಹೋಗೋ ಹಾಗೆ ಮಾಡಿದಾರೆ. ವಾಪಸ್ಸು ಕರೆಸಿ. ಕೈ ಮುಗೀತೀನಿ, ಕರೆಸಿ."

ಪ್ರದೀಪ್ ಸರ್ ನನ್ನನ್ನು ನೋಡಿದರು, ಮ್ಯಾನೇಜರನ್ನು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಪಿಯುಸಿ ಇಂಗ್ಲಿಷಿಗೆ ಸಿಕ್ಕಿದ್ದು ಫ್ರೆಂಡ್ಸ್, ರಿಮೆಂಬರ್, ವೆರಿ ಪ್ರೌಡ್. ನಾನು ಹೇಳಿದ್ದನ್ನು ಬಿಟ್ಟು ಬೇರೇನೋ ಹೇಳಿದರು ಅಂತ ತಿಳಿಯಲು ಅಷ್ಟು ಸಾಕಾಯಿತು. ಆ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡರು.

"ನೋ ಮೇಡಂ" ಅಂದೆ. ನಾಲಿಗೆ ತಡವರಿಸಿತು. "ರಾಜಮ್ಮ ಗಾನ್. ಆಲ್ ಗಾನ್. ನೋ ಜಾಬ್."

ಮ್ಯಾನೇಜರು ತಡಮಾಡಲಿಲ್ಲ, ನಗುತ್ತಲೇ ಟ್ರಾನ್ಸ್‌ಫರ್ ಅಂದರು, ಬಿಗ್ಗರ್ ಯೂನಿಟ್ ಅಂದರು, ಇನ್ನೂ ಏನೇನೋ ಅಂದರು. "ಓ, ಗುಡ್ ಫಾರ್ ದೆಮ್" ಅಂದರು ಆ ಹೆಂಗಸು, ನನ್ನ ಎರಡೂ ಕೈ ಹಿಡಿದುಕೊಂಡು. ಬೆಚ್ಚಗಿದ್ದವು ಅವರ ಕೈ. ನನ್ನ ಹತ್ತಿರ ಇನ್ನೊಂದು ಇಂಗ್ಲಿಷ್ ಮಾತು ಇರಲಿಲ್ಲ. ಹುಡುಕಿದೆ, ತಲೆಯೊಳಗೆಲ್ಲ ಹುಡುಕಿದೆ, ಸಿಗಲಿಲ್ಲ. ಕನ್ನಡದಲ್ಲಿ ಇನ್ನೊಂದು ಸಲ, ಅವರನ್ನ ವಾಪಸ್ಸು ಕರೆಸಿ ಅಂದೆ. ಪ್ರದೀಪ್ ಸರ್ ಕಿಟಕಿ ಕಡೆ ತಿರುಗಿಕೊಂಡರು.

ಕಂಪನಿ ಬಿಟ್ಟದ್ದು ಆಮೇಲಿನ ಮಾತು. ಅವತ್ತು ಸಂಜೆ ಬಸ್ಸಿಳಿದು ನಮ್ಮ ಮನೆಗೆ ಹೋಗದೆ ಸೀದಾ ರಾಜಮ್ಮನ ಮನೆಗೆ ಹೋದೆ. ಅವಳು ನೆಲದ ಮೇಲೆ ಹಲಗೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಮನೆಯಲ್ಲೇ ಮಾಡುವ ಆ ಕೆಲಸ ಹಿಡಿದು ಒಂದು ತಿಂಗಳಾಗಿತ್ತು, ಬೆರಳೆಲ್ಲ ಕಪ್ಪಾಗಿತ್ತು. ಫಾರಿನ್‌ನವರು ಬರುವುದು ಅವಳಿಗೆ ಗೊತ್ತಿತ್ತು. ನನ್ನ ಮುಖ ನೋಡಿಯೂ ಕೇಳಿದಳು.

"ಮಾತಾಡ್ದಾ?"

"ಮಾತಾಡ್ದೆ. ಎಲ್ಲಾರ ಹೆಸ್ರೂ ಹೇಳ್ದೆ ಕಣೇ. ಬೆರಳಿಟ್ಟು ತೋರ್ಸಿ ಹೇಳ್ದೆ."

"ನಂದೂವೆ?"

"ಮೊದ್ಲು ನಿಂದೇ."

ಅವಳ ಕೈ ನಿಂತಿತು. ಮುಖದಲ್ಲಿ ಏನೋ ಬೆಳಕಾಡಿತು. ಒಳಗಿನ ಕೋಣೆಯಲ್ಲಿ ಓದುತ್ತಿದ್ದ ಮಗಳೂ ಬಾಗಿಲಿಗೆ ಬಂದು ನಿಂತಳು.

"ಏನಂದ್ರು?"

ಸುಳ್ಳು ಹೇಳೋಣ ಅನ್ನಿಸಿತು, ಆಗಲಿಲ್ಲ.

"ಫೋಟೊ ಹಿಡ್ಕೊಂಡ್ರು" ಅಂದೆ. "ಆ ಫ್ರೇಮಿನ ಮುಂದೆ ನಿಲ್ಸಿ."

"ಯಾರ್ದು, ನಿಂದಾ?"

"ಹೂಂ. ನಗಿ ಅಂದ್ರು."

ರಾಜಮ್ಮ ನನ್ನನ್ನೇ ನೋಡುತ್ತಿದ್ದಳು.

"ನಕ್ಬುಟ್ಟೆ ಕಣೇ ರಾಜಿ" ಅಂದೆ.